ಶಿಬಿರಕ್ಕೆ ಜನ ಬರಲ್ಲ ಅಂತ ಕೇಳಿದೀರಿ, ನಾನು ಬಂದವರನ್ನೇ ಕಳ್ಕೊಂಡೋಳು

ಆಸ್ಪತ್ರೆ ದೂರ ಇರೋ ಕಡೆ ಕ್ಯಾನ್ಸರ್ ತಪಾಸಣಾ ಶಿಬಿರ ಮಾಡ್ತಿದೀವಿ, ಹೆಂಗಸರಿಗೆ ತಿಳುವಳಿಕೆ ಕಮ್ಮಿ, ಹೆಚ್ಚು ಜನ ಬರೋ ಹಾಗೆ ಮಾಡೋದು ಹೇಗೆ, ಬ್ಯಾನರಲ್ಲಿ ಏನು ಬರೀಬೇಕು ಅಂತ ಕೇಳಿದೀರಿ. ಏಳೆಂಟು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಓಡಾಡ್ತಿದ್ದೆ.

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಒಂದು ಸಣ್ಣ ಸಂಸ್ಥೆಯಲ್ಲಿ ರಿಜಿಸ್ಟರ್ ಬರೆಯೋದು, ಫೋನ್ ಮಾಡೋದು, ಪರದೆ ಕಟ್ಸೋದು, ಎಲ್ಲಾ ಮುಗಿದ ಮೇಲೆ ಎಷ್ಟು ಜನ ಬಂದ್ರು ಅಂತ ವರದಿ ಟೈಪ್ ಮಾಡಿ ಮೇಲಿನವರಿಗೆ ಕಳ್ಸೋದು ನನ್ನ ಕೆಲ್ಸ. ಆ ಸಲ ಒಂದೇ ದಿನಕ್ಕೆ 300 ದಾಟ್ತು. ನಾವೆಲ್ಲಾ ಖುಷಿಯಲ್ಲಿ ಫೋಟೋ ತೆಗೆಸ್ಕೊಂಡ್ವಿ. 14 ಜನರ ಹೆಸರಿನ ಮುಂದೆ ಕೆಂಪು ಪೆನ್ನಲ್ಲಿ ಗುರುತು ಬಿದ್ದಿತ್ತು, ಅಂದ್ರೆ ಮುಂದಿನ ಪರೀಕ್ಷೆ ಆಗ್ಲೇಬೇಕಾದವರು.

ಅದರಲ್ಲಿ ಒಬ್ಬರು ಐವತ್ತರ ಆಸುಪಾಸಿನವರು. ಎಡಗಡೆ ಎದೆಯಲ್ಲಿ ಗೋಲಿಯಷ್ಟು ದೊಡ್ಡ ಗಂಟು, ಗಟ್ಟಿ. ಪರೀಕ್ಷೆ ಮಾಡಿದ ಸಿಸ್ಟರ್ ಮುಖ ನೋಡಿ ಅವರೇ ನಕ್ಕು, "ನೋವೇ ಇಲ್ಲ ಮೇಡಮ್ಮೋರೆ, ವರ್ಷದಿಂದ ಹಂಗೇ ಐತೆ" ಅಂದ್ರು. ಸ್ತನ ಕ್ಯಾನ್ಸರ್ ಗಂಟು ಶುರುವಲ್ಲಿ ಸಾಮಾನ್ಯವಾಗಿ ನೋಯೋದೇ ಇಲ್ಲ, ಅದಕ್ಕೇ ಜನ ಸುಮ್ಮನಿರ್ತಾರೆ. ಸ್ಕ್ಯಾನ್, ಬಯಾಪ್ಸಿ (ಗಂಟಿನ ಒಂದು ಚೂರು ತೆಗೆದು ಕ್ಯಾನ್ಸರಾ ಅಂತ ನೋಡೋ ಪರೀಕ್ಷೆ) ಮಾಡಿಸ್ಬೇಕು, ದಿನ ಗೊತ್ತು ಮಾಡಿ ಫೋನ್ ಮಾಡ್ತೀವಿ ಅಂತ ಹೇಳಿ ಕಳಿಸಿದ್ವಿ.

ಈಗ ನನ್ನ ತಪ್ಪಿಗೆ ಬರ್ತೀನಿ, ಸ್ವಲ್ಪ ಉದ್ದ ಆಗತ್ತೆ, ತಾಳ್ಮೆ ಇರ್ಲಿ.

ರಿಜಿಸ್ಟರಲ್ಲಿ ಮೊಬೈಲ್ ನಂಬರ್ ಅಂತ ಒಂದು ಕಾಲಂ ಇತ್ತು. ಅವರು ಒಂದು ಚೀಟಿ ತೋರ್ಸಿದ್ರು, ಅದರಲ್ಲಿದ್ದ ಹತ್ತು ಅಂಕಿ ನಾನು ಇಳಿಸ್ಕೊಂಡೆ. ಅದು ಯಾರ ಫೋನು ಅಂತ ಕೇಳ್ಲಿಲ್ಲ. ಹನ್ನೆರಡು ದಿನ ಆದ್ಮೇಲೆ ಫೋನ್ ಮಾಡಿದ್ರೆ ಎತ್ತಿದ್ದು ಅವರ ಮಗ, ಲಾರಿ ಓಡಿಸ್ತಾನೆ, ಎಲ್ಲೋ ದೂರದಲ್ಲಿದ್ದ, ಹಿಂದೆ ಹಾರ್ನ್ ಸದ್ದು. ಎದೆ ಗಂಟಿನ ವಿಷ್ಯ ಗಂಡು ಹುಡುಗನ ಹತ್ರ ಹೆಂಗೆ ಹೇಳೋದು ಅಂತ ನಂಗೇ ಮುಜುಗರ. "ಅಮ್ಮಂಗೆ ಸೋಮವಾರ ಆಸ್ಪತ್ರೆಗೆ ಬರೋಕೆ ಹೇಳಪ್ಪ, ಒಂದು ಪರೀಕ್ಷೆ ಇದೆ" ಅಂದೆ ಅಷ್ಟೇ. ಅವ್ನು "ಆಯ್ತು ಮೇಡಂ" ಅಂದ. ನಾನು ಫೋನಿಟ್ಟು ಅವರ ಹೆಸರಿನ ಮುಂದೆ "ತಿಳಿಸಲಾಗಿದೆ" ಅಂತ ಬರೆದು ಟಿಕ್ ಹಾಕ್ದೆ.

ಆ ಒಂದು ಪದದ ಮೇಲೆ ನಂಗೆ ಇವತ್ತಿಗೂ ಸಿಟ್ಟು. ತಿಳಿಸಲಾಗಿದೆ! ಯಾರು ತಿಳಿಸಿದ್ರು, ಯಾರಿಗೆ ತಿಳಿಸಿದ್ರು, ಅವರಿಗೆ ಏನು ತಿಳೀತು, ಒಂದೂ ಇಲ್ಲ ಅದರಲ್ಲಿ. ಕಚೇರಿ ಕನ್ನಡದಲ್ಲಿ ಕೆಲ್ಸ ಆಗದೇನೇ ಆಗಿಹೋಗೋದು ಹೀಗೆ. ನಾನು "ಮಗನಿಗೆ ಅರ್ಧಂಬರ್ಧ ಹೇಳಿದೀನಿ, ಅಮ್ಮ ಇನ್ನೂ ಸಿಕ್ಕಿಲ್ಲ" ಅಂತ ಬರ್ದಿದ್ರೆ ಮುಂದಿನ ವಾರ ರಿಜಿಸ್ಟರ್ ತೆಗೆದಾಗ ಕಣ್ಣಿಗೆ ಹೊಡೀತಿತ್ತು. ಟಿಕ್ ಹಾಕಿದ ಸಾಲನ್ನ ಯಾರೂ ಮತ್ತೆ ಓದಲ್ಲ, ನಾನೂ ಓದ್ಲಿಲ್ಲ. ಸೋಮವಾರ ಅವರು ಬಂದ್ರಾ ಅಂತ ಆಸ್ಪತ್ರೆಗೆ ಕೇಳ್ಲಿಲ್ಲ, ಕೇಳೋಕೆ ಕಾಲಮ್ಮೇ ಇರ್ಲಿಲ್ಲ. ತಿಂಗಳ ವರದಿಯಲ್ಲಿ "ತಪಾಸಣೆ, ಮುಂದಿನ ಚಿಕಿತ್ಸೆಗೆ ಸೂಚಿಸಿದವರು" ಅಂತ ಎರಡೇ ಅಂಕಿ ಹೋಯ್ತು. ಮಗ ಊರಿಗೆ ಬರೋ ಹೊತ್ತಿಗೆ ಮರೆತಿದ್ದ. ಅವನನ್ನ ಬೈಯೋಕೆ ನಂಗೆ ಬಾಯಿಲ್ಲ, ಇದು ಮರೀಬಾರದ ವಿಷ್ಯ ಅಂತ ನಾನು ಅವನಿಗೆ ಹೇಳೇ ಇರ್ಲಿಲ್ಲ.

ಹನ್ನೊಂದು ತಿಂಗಳಾದ್ಮೇಲೆ ಮತ್ತೆ ಶಿಬಿರ. ಅವರೇ ನಡ್ಕೊಂಡು ಬಂದು ಸಾಲಲ್ಲಿ ನಿಂತು ನನ್ನ ಗುರುತು ಹಿಡಿದು, "ಹೋದ್ಸಲದ್ದು ಏನಾಯ್ತು ಮೇಡಮ್ಮೋರೆ? ನೀವು ಫೋನ್ ಮಾಡ್ಲಿಲ್ಲ, ಏನೂ ಇಲ್ಲ ಅಂತ ಸಮಾಧಾನ ಮಾಡ್ಕಂಡೆ" ಅಂದ್ರು. ಅಷ್ಟೊತ್ತಿಗೆ ಗಂಟು ಚರ್ಮಕ್ಕೆ ಅಂಟಿತ್ತು, ಕಂಕುಳಲ್ಲೂ ಸಿಗ್ತಿತ್ತು. ಆಮೇಲೆ ನಾನೇ ಜೊತೆಗೆ ಓಡಾಡ್ದೆ, ಕೀಮೋ, ಆಪರೇಷನ್, ರೇಡಿಯೇಷನ್ ಎಲ್ಲಾ ಆಯ್ತು. ಎರಡು ವರ್ಷ ಇದ್ರು. ಮೊದಲನೇ ಸಲವೇ ಆಗಿದ್ರೆ ಉಳೀತಿದ್ರಾ? ಖಚಿತವಾಗಿ ಹೇಳೋಕಾಗಲ್ಲ ಅಂತ ಡಾಕ್ಟರ್ ಅಂದ್ರು, ನನ್ನ ಮನಸ್ಸಿಗೆ ಮಾತ್ರ ಖಚಿತ. ಹಳೇ ರಿಜಿಸ್ಟರ್ ತೆಗೆದು ಉಳಿದ 13 ಜನರ ಮನೆಗೂ ಹೋದೆ. ಬಯಾಪ್ಸಿವರೆಗೆ ಮುಟ್ಟಿದ್ದು ಐದೇ ಜನ. ಎಂಟು ಜನರ ಮುಂದೆ ನನ್ನದೇ ಅಕ್ಷರದಲ್ಲಿ ಅದೇ ತಿಳಿಸಲಾಗಿದೆ. ಪುಣ್ಯಕ್ಕೆ ಅವರಲ್ಲಿ ಹೆಚ್ಚಿನವರದ್ದು ಕ್ಯಾನ್ಸರ್ ಆಗಿರ್ಲಿಲ್ಲ, ಅದು ನನ್ನ ಕೆಲಸದಿಂದ ಅಲ್ಲ.

ಅದಕ್ಕೇ "ತಿಳುವಳಿಕೆ ಕಮ್ಮಿ" ಅನ್ನೋ ಮಾತನ್ನ ನಾನು ಒಪ್ಪಲ್ಲ, ಬೇಜಾರಾಗ್ಬೇಡಿ. ಆಯಮ್ಮ ದಿನದ ಕೂಲಿ ಬಿಟ್ಟು ಎರಡು ಸಲ ಬಂದ್ರು. ತಿಳುವಳಿಕೆ ಕಮ್ಮಿ ಇದ್ದಿದ್ದು ನಂಗೆ. ಶಿಬಿರದ ತಾರೀಕು ಗೊತ್ತು ಮಾಡೋಕೆ ಮುಂಚೆ ಬಯಾಪ್ಸಿ ಎಲ್ಲಿ, ಯಾವ ವಾರ, ದಿನಕ್ಕೆ ಎಷ್ಟು ಜನರದ್ದು, ರಿಪೋರ್ಟ್ ಎಷ್ಟು ದಿನಕ್ಕೆ, ಬಸ್ ಚಾರ್ಜ್ ಯಾರದ್ದು, ಇಷ್ಟನ್ನ ಮೊದಲು ಬರೆದಿಟ್ಕೊಳಿ. ಅಲ್ಲಿ ವಾರಕ್ಕೆ ನಾಲ್ಕೇ ಆಗೋದಾದ್ರೆ 300 ಜನರನ್ನ ಕರೀಬೇಡಿ, 50 ಜನ ಸಾಕು. ಜನ ಕಮ್ಮಿ ಬರ್ಲಿ ಅಂತ ಹೇಳೋ ಉತ್ತರ ಇದೊಂದೇ ಇರ್ಬೋದು ಇಲ್ಲಿ.

ಅನುಮಾನ ಬಂದವರನ್ನ ಕೊನೆವರೆಗೂ ಕೈಬಿಡಬಾರದು ಅನ್ನೋದು ನಾನು ಕಂಡುಹಿಡಿದಿದ್ದೇನಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹೆರಾಲ್ಡ್ ಫ್ರೀಮನ್ ಅಂತ ಸರ್ಜನ್, ಅವರ ಹತ್ರ ಸ್ತನ ಕ್ಯಾನ್ಸರ್ ಅಂತ ಬರೋ ಬಡ ಕಪ್ಪು ಹೆಂಗಸರಲ್ಲಿ ಸುಮಾರು ಅರ್ಧ ಜನ ಮೂರನೇ ನಾಲ್ಕನೇ ಹಂತಕ್ಕೆ, ಅಂದ್ರೆ ರೋಗ ತುಂಬಾ ಮುಂದುವರಿದ ಮೇಲೆ ಬಂದಿರ್ತಿದ್ರು, ಐದು ವರ್ಷ ಬದುಕಿರ್ತಿದ್ದವರು 39% ಅಷ್ಟೇ. 1990ರಲ್ಲಿ ಅವರು ರೋಗಿ ಜೊತೆ ಒಬ್ಬ ಮನುಷ್ಯನನ್ನ ಹಚ್ಚಿದ್ರು, ಅನುಮಾನ ಬಂದ ದಿನದಿಂದ ಚಿಕಿತ್ಸೆ ಮುಗಿಯೋವರೆಗೂ ಜೊತೆಗಿರೋದೇ ಅವರ ಕೆಲ್ಸ. ಜೊತೆಗೆ ಉಚಿತ ಇಲ್ಲಾ ಕಮ್ಮಿ ಖರ್ಚಿನ ತಪಾಸಣೆ. 1995ರಿಂದ 2000ದೊಳಗೆ ಬಂದವರಲ್ಲಿ ಐದು ವರ್ಷ ಬದುಕಿದವರು 70% ಆದ್ರು. ವಿಶ್ವ ಆರೋಗ್ಯ ಸಂಸ್ಥೆಯವರೂ ಸ್ತನ ಕ್ಯಾನ್ಸರಿಗೆ ಇಟ್ಟಿರೋ ಗುರಿ ನೋಡಿ: 60% ರೋಗ ಒಂದು ಎರಡನೇ ಹಂತದಲ್ಲೇ ಸಿಗ್ಬೇಕು, ಮೊದಲ ಸಲ ತೋರಿಸಿದ 60 ದಿನದೊಳಗೆ ಏನು ಅಂತ ಗೊತ್ತಾಗ್ಬೇಕು, 80% ಜನ ಪೂರ್ತಿ ಚಿಕಿತ್ಸೆ ಮುಗಿಸ್ಬೇಕು. ಎಷ್ಟು ಜನ ಶಿಬಿರಕ್ಕೆ ಬಂದ್ರು ಅನ್ನೋದು ಆ ಮೂರರಲ್ಲಿ ಎಲ್ಲೂ ಇಲ್ಲ.

ಮ್ಯಾಮೋಗ್ರಫಿ (ಎದೆಯ ಎಕ್ಸ್‌ರೇ) ವ್ಯಾನ್ ತರಿಸೋ ಯೋಚ್ನೆ ಇದ್ರೆ ಆ ದುಡ್ಡನ್ನ ಜೊತೆಗೆ ಓಡಾಡೋ ಇಬ್ಬರಿಗೆ ಸಂಬಳ ಮಾಡಿ ಅನ್ನೋದು ನನ್ನ ಅಭಿಪ್ರಾಯ. ಕೈಯಲ್ಲಿ ಸಿಗೋ ಗಂಟಿಗೇ ದಾರಿ ಇಲ್ಲದ ಕಡೆ ಕೈಗೆ ಸಿಗದ ಗಂಟು ಹುಡುಕಿ ಏನು ಮಾಡ್ತೀರಿ? ಗರ್ಭಕಂಠದ ಕ್ಯಾನ್ಸರ್ ವಿಷ್ಯ ಬೇರೆ. ಅಲ್ಲಿ ಕ್ಯಾನ್ಸರ್ ಆಗೋಕೆ ವರ್ಷಗಟ್ಟಲೆ ಮುಂಚೆಯೇ ಬದಲಾವಣೆ ಕಾಣ್ಸತ್ತೆ, ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗೋ ವೈರಸ್) ಪರೀಕ್ಷೆಗೆ ಹೆಂಗಸರು ತಾವೇ ಸ್ಯಾಂಪಲ್ ತೆಗೆದು ಕೊಡ್ಬೋದು, ಮುಜುಗರ ಅರ್ಧ ಕಮ್ಮಿ. ಕೆಲವರಿಗೆ ಅಲ್ಲೇ ಅದೇ ದಿನ ಬಿಸಿ ಉಪಕರಣದಿಂದ ಬದಲಾವಣೆ ಕಂಡ ಜಾಗ ಸುಟ್ಟು ಮುಗಿಸ್ಬೋದು, ಚಿಕಿತ್ಸೆಗೆ ಅಂತ ಮತ್ತೆ ಕರೆಯೋ ಕಷ್ಟ ಇಲ್ಲ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್‌ನವರು ಒಂದೂವರೆ ಲಕ್ಷದಷ್ಟು ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು ಅಸಿಟಿಕ್ ಆಸಿಡ್ (ವಿನೆಗರಲ್ಲಿರೋದೇ) ಹಚ್ಚಿ ಕಣ್ಣಲ್ಲಿ ನೋಡಿಯೇ ಗರ್ಭಕಂಠದ ಕ್ಯಾನ್ಸರ್ ಸಾವು 31% ಇಳಿಸಿದ್ರು. ಡಾಕ್ಟರೇ ಇಲ್ಲ ಅಂತ ಕೈಕಟ್ಟಿ ಕೂರೋದು ಬೇಡ. ಆದ್ರೆ ಅಲ್ಲೂ ಅನುಮಾನ ಬಂದವರನ್ನ ಬಿಡದೇ ಹಿಂದೆ ಬಿದ್ದು ಚಿಕಿತ್ಸೆವರೆಗೆ ಕರ್ಕೊಂಡ್ ಹೋಗಿದ್ರು.

ಬ್ಯಾನರಿಗೆ ಏನಾದ್ರೂ ಬರ್ಕೊಳಿ. ರಿಜಿಸ್ಟರ್ ಮಾತ್ರ ಹೀಗಿರ್ಲಿ: ಈ ಫೋನು ಯಾರದ್ದು, ಅವರ ಹತ್ರ ಈ ವಿಷ್ಯ ಮಾತಾಡ್ಬೋದಾ, ಫೋನ್ ಸಿಗ್ಲಿಲ್ಲ ಅಂದ್ರೆ ಯಾರ ಮನೆಗೆ ಹೋಗಿ ಕೇಳ್ಬೇಕು, ಅವರ ಬಾಯಿಂದಲೇ ಉತ್ತರ ಬಂದ ತಾರೀಕು, ಬಯಾಪ್ಸಿ ಆದ ತಾರೀಕು, ರಿಪೋರ್ಟ್ ಅವರ ಕೈ ಸೇರಿದ ತಾರೀಕು, ಚಿಕಿತ್ಸೆ ಶುರುವಾದ ತಾರೀಕು. ಟಿಕ್ ಹಾಕೋ ಜಾಗ ಇಡ್ಲೇಬೇಡಿ, ತಾರೀಕು ಮಾತ್ರ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದವರಿಗೂ ಏನೂ ಇಲ್ಲ ಅಂತ ಫೋನ್ ಮಾಡಿ ಹೇಳಿ, ಆಗ ಫೋನ್ ಬರದೇ ಇರೋದಕ್ಕೆ ಯಾರೂ ಅರ್ಥ ಕಟ್ಕೊಳಲ್ಲ. ನಮ್ಮ ರಿಜಿಸ್ಟರಿನ ಖಾಲಿ ಪುಟದ ಫೋಟೋ ಬೇಕಿದ್ರೆ ಕೆಳಗೆ ಕೇಳಿ, ಹಾಕ್ತೀನಿ.