ದೊಡ್ಡಕರುಳಿನ ಬಲಭಾಗದ ಕ್ಯಾನ್ಸರಿಗೂ ಎಡಭಾಗದ ಕ್ಯಾನ್ಸರಿಗೂ ಔಷಧ ಬೇರೆಯೇಕೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಶಹಾಪುರದಲ್ಲಿರುವ ನಿಮ್ಮ ತಂದೆಯವರಿಗೆ ದೊಡ್ಡಕರುಳಿನ ಬಲಭಾಗದಲ್ಲಿ ಹುಟ್ಟಿದ ಗಡ್ಡೆ ಯಕೃತ್ತಿಗೂ ಹರಡಿದೆ, ಎಡಭಾಗದಲ್ಲಿ ಅದೇ ಕಾಯಿಲೆಯಿದ್ದ ನಿಮ್ಮ ಬೀಗರಿಗೆ ಕೊಟ್ಟ ಸೆಟುಕ್ಸಿಮ್ಯಾಬ್ ಇಂಜೆಕ್ಷನ್ ಇವರಿಗೆ ಸದ್ಯಕ್ಕೆ ಬೇಡವೆಂದ ವೈದ್ಯರು, ಜೀನ್ ಪರೀಕ್ಷೆಗೆ ಮಾತ್ರ ಬರೆದುಕೊಟ್ಟಿದ್ದಾರೆ. ಇದು ದುಡ್ಡು ಕೀಳುವ ದಾರಿಯಿರಬಹುದೇ ಎಂದು ನೀವು ಕೇಳಿದ್ದೀರಿ. ಕಲಬುರಗಿಯಲ್ಲಿ ಬಹಳ ವರ್ಷಗಳಿಂದ ಬಯಾಪ್ಸಿ ನೋಡುತ್ತ ಬಂದಿರುವ ಪೆಥಾಲಜಿಸ್ಟ್ ಆಗಿ ಹೇಳುವುದಾದರೆ, ನಿಮ್ಮ ವೈದ್ಯರು ಸರಿಯಾಗಿಯೇ ನಡೆದಿದ್ದಾರೆ.

ಕಾಯಿಲೆಯ ಹೆಸರು ಒಂದೇ ಆದರೂ ಕರುಳಿನ ಈ ಎರಡು ಭಾಗಗಳ ಮೂಲ ಒಂದೇ ಅಲ್ಲ. ಬಲಭಾಗವೂ ಅಡ್ಡಕರುಳಿನ ಹೆಚ್ಚಿನ ಪಾಲೂ ಭ್ರೂಣದ ನಡುಗರುಳಿನಿಂದ ಬೆಳೆದರೆ, ಎಡಭಾಗ ಮತ್ತು ಗುದನಾಳ ಹಿಂಗರುಳಿನಿಂದ ಬೆಳೆಯುತ್ತವೆ. ರಕ್ತ ಪೂರೈಸುವ ಮುಖ್ಯ ನಾಳಗಳೂ ಬೇರೆಬೇರೆ. ಎಡಭಾಗದ ಗಡ್ಡೆಗಳು ಸಾಮಾನ್ಯವಾಗಿ ಫಿಯರಾನ್ ಮತ್ತು ವೋಗೆಲ್‌ಸ್ಟೈನ್ ಎಂಬ ವಿಜ್ಞಾನಿಗಳು 1990ರಲ್ಲಿ ವಿವರಿಸಿದ ದಾರಿಯಲ್ಲೇ ಸಾಗುತ್ತವೆ: ಮೊದಲು ಎಪಿಸಿ ಜೀನು ಕೆಡುತ್ತದೆ, ಪಾಲಿಪ್ ಎಂಬ ಸಣ್ಣ ಗಂಟು ಮೂಡುತ್ತದೆ, ವರ್ಷಗಳು ಕಳೆದಂತೆ ಟಿಪಿ53 ಮೊದಲಾದವೂ ಕೆಟ್ಟು ಅದು ಕ್ಯಾನ್ಸರಾಗುತ್ತದೆ. ಬಲಭಾಗದಲ್ಲಿ ಬಿ-ರಾಫ್ ಜೀನಿನ ವಿ600ಇ ಎಂಬ ಮ್ಯುಟೇಶನ್ ಹೆಚ್ಚಾಗಿ ಕಾಣುತ್ತದೆ. ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೇ ನಿಂತುಹೋಗಿರುವ ಗಡ್ಡೆಗಳೂ ಅಲ್ಲಿಯೇ ಹೆಚ್ಚು. ಲಕ್ಷಣಗಳಲ್ಲಿಯೂ ಅಂತರವಿದೆ. ಎಡಭಾಗದ್ದಾದರೆ ಮಲದಲ್ಲಿ ರಕ್ತ ಕಣ್ಣಿಗೆ ಬೀಳುತ್ತದೆ, ಮಲವಿಸರ್ಜನೆಯ ಕ್ರಮ ಬದಲಾಗುತ್ತದೆ (ನಮ್ಮ ಕಡೆ ಅದನ್ನು ಮೂಲವ್ಯಾಧಿಯೆಂದು ಭಾವಿಸಿ ನಾಟಿ ಔಷಧದಲ್ಲಿ ತಿಂಗಳುಗಟ್ಟಲೆ ಕಳೆಯುವವರನ್ನು ಎಷ್ಟೋ ಕಂಡಿದ್ದೇನೆ). ಬಲಭಾಗದ್ದು ಸದ್ದಿಲ್ಲದೆ ರಕ್ತ ಸೋರಿಸುತ್ತದೆ. ನಿಮ್ಮ ತಂದೆಯವರು ಒಂದು ವರ್ಷ ಕಬ್ಬಿಣಾಂಶದ ಗುಳಿಗೆ ನುಂಗಿದರೂ ರಕ್ತಹೀನತೆ ಹೋಗಲಿಲ್ಲವೆಂದು ಬರೆದಿದ್ದೀರಲ್ಲ, ಅದರ ಕಾರಣ ಬಹುಶಃ ಇದೇ.

ಇನ್ನು ಇಂಜೆಕ್ಷನ್ನಿನ ವಿಷಯ. ಸೆಟುಕ್ಸಿಮ್ಯಾಬ್ ಜೀವಕೋಶದ ಹೊರಮೈಯಲ್ಲಿದ್ದು ಬೆಳೆಯುವ ಸಂದೇಶವನ್ನು ಒಳಗೆ ಕಳುಹಿಸುವ ಇಜಿಎಫ್‌ಆರ್ ಎಂಬ ಗ್ರಾಹಕವನ್ನು ತಡೆಯುತ್ತದೆ. ಆ ಸಂದೇಶವನ್ನು ಮುಂದೆ ಸಾಗಿಸುವ ಕೆ-ರಾಸ್ ಅಥವಾ ಎನ್-ರಾಸ್ ಜೀನು ಕೆಟ್ಟಿದ್ದರೆ, ಮೇಲೆ ತಡೆದರೂ ಒಳಗಿನ ಸಂದೇಶ ನಿಲ್ಲುವುದಿಲ್ಲ. ಸುಮಾರು 40 ಶೇಕಡಾ ರೋಗಿಗಳಲ್ಲಿ ಕೆ-ರಾಸ್ ಕೆಟ್ಟಿರುತ್ತದೆ. ಇಲ್ಲಿಯವರೆಗೆ ತರ್ಕ ಸರಳ. ಆದರೆ ರಾಸ್ ಜೀನುಗಳು ಸರಿಯಿದ್ದ ರೋಗಿಗಳಲ್ಲಿಯೂ, ಮೊದಲ ಹಂತದ ಚಿಕಿತ್ಸೆಯಲ್ಲಿ ಈ ಔಷಧದ ಲಾಭ ಎಡಭಾಗದವರಿಗೆ ದೊರೆತಂತೆ ಬಲಭಾಗದವರಿಗೆ ದೊರೆಯಲಿಲ್ಲವೆಂದು ಫೈರ್-3 ಮತ್ತು 80405 ಎಂಬ ದೊಡ್ಡ ಪ್ರಯೋಗಗಳ ಮರುಪರಿಶೀಲನೆ ತೋರಿಸಿತು. ಆದ್ದರಿಂದ ಬೀಗರಿಗೆ ಹೊಂದಿದ ಔಷಧ ತಂದೆಯವರಿಗೂ ಹೊಂದುತ್ತದೆಂದು ಹಟ ಹಿಡಿಯಬೇಡಿ.

ಹಾಗೆಂದು ಗಡ್ಡೆ ಇರುವ ಜಾಗವನ್ನೇ ನೋಡಿ ಎಲ್ಲವನ್ನೂ ತೀರ್ಮಾನಿಸುವುದೂ ತಪ್ಪು. ಒಂದೇ ಪರೀಕ್ಷೆಗೆ ಹಣವಿದೆಯೆಂದರೆ ನಾನು ಮೊದಲು ಕೇಳುವುದು ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ಪ್ರೋಟೀನುಗಳ ಬಣ್ಣದ ಪರೀಕ್ಷೆಯನ್ನು. ಮೇಲೆ ಹೇಳಿದ, ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಈ ಪ್ರೋಟೀನುಗಳದ್ದೇ; ಇವುಗಳಲ್ಲಿ ಯಾವುದಾದರೂ ಕಾಣೆಯಾಗಿದ್ದರೆ ಆ ವ್ಯವಸ್ಥೆ ಕೆಟ್ಟಿದೆಯೆಂದರ್ಥ. ಹಲವು ಜೀನುಗಳನ್ನು ಒಟ್ಟಿಗೆ ಓದುವ ಪರೀಕ್ಷೆಗಿಂತ ಇದಕ್ಕೆ ಬಹಳ ಕಡಿಮೆ ಖರ್ಚು. ಹರಡಿದ ಕಾಯಿಲೆಯಲ್ಲಿ ಈ ದೋಷ ನೂರಕ್ಕೆ ಸುಮಾರು ಐವರಲ್ಲಿ ಮಾತ್ರ ಸಿಗುತ್ತದೆ, ಸಿಕ್ಕವರಲ್ಲಿ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ: 2020ರಲ್ಲಿ ಪ್ರಕಟವಾದ ಕೀನೋಟ್-177 ಪ್ರಯೋಗದಲ್ಲಿ ಇಂಥವರ ಕಾಯಿಲೆ ಮುಂದುವರಿಯದೆ ಇದ್ದ ಅವಧಿ ಕೀಮೋಥೆರಪಿಯಲ್ಲಿ ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 8.2 ತಿಂಗಳಾದರೆ, ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಪೆಂಬ್ರೋಲಿಜುಮ್ಯಾಬ್ ಎಂಬ ಔಷಧದಲ್ಲಿ 16.5 ತಿಂಗಳಾಗಿತ್ತು. ಔಷಧ ದುಬಾರಿ ಎಂಬುದನ್ನು ಮುಚ್ಚಿಡುವುದಿಲ್ಲ. ಬಿ-ರಾಫ್ ಕೆಟ್ಟಿದ್ದರೆ ಎನ್ಕೊರಾಫೆನಿಬ್ ಗುಳಿಗೆಯ ಜೊತೆಯಲ್ಲಿ, ಈಗ ಬೇಡವೆಂದ ಅದೇ ಸೆಟುಕ್ಸಿಮ್ಯಾಬ್ ಮುಂದೆ ಮತ್ತೆ ಬೇಕಾಗಲೂಬಹುದು.

ಪರೀಕ್ಷೆಗೆ ಹೊಸದಾಗಿ ತುಂಡು ತೆಗೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಮೊದಲ ಬಯಾಪ್ಸಿಯ ಮೇಣದ ಬ್ಲಾಕು ಸಾಕು. ಅದನ್ನು ಪ್ರಯೋಗಾಲಯದಿಂದ ಕೇಳಿ ಪಡೆಯಬಹುದು. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಒಯ್ಯುವಾಗ ನಮ್ಮ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೇಣ ಕರಗಿದ ಬ್ಲಾಕುಗಳು ನನ್ನ ಮೇಜಿಗೆ ಬಂದಿವೆ. ಇನ್ನೊಂದು ನೋವಿನ ಸಂಗತಿಯೆಂದರೆ, ಒಂದು ನರ್ಸಿಂಗ್ ಹೋಮಿನಿಂದ ಆಪರೇಶನ್ನಿನಲ್ಲಿ ತೆಗೆದ ಕರುಳು, ಅಂಗಾಂಶ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದ ಬದಲು ಸಲೈನಿನಲ್ಲಿ ಬಂದಿತ್ತು. ಕೊಳೆತ ಆ ಅಂಗಾಂಶದಲ್ಲಿ ನಾನು ಯಾವ ಪರೀಕ್ಷೆಯನ್ನೂ ಮಾಡಲಾಗಲಿಲ್ಲ. ಹೀಗಾಗಿ ಆಪರೇಶನ್ ಮುಂದೆ ನಡೆಯುವುದಾದರೆ ತೆಗೆದ ಭಾಗವನ್ನು ಫಾರ್ಮಲಿನ್‌ನಲ್ಲಿಯೇ ಕಳಿಸುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕೊನೆಯದಾಗಿ ನಿಮ್ಮ ಮನೆಯವರ ವಿಷಯ. ಎಂಎಲ್‌ಎಚ್1 ಕಾಣೆಯಾಗಿದ್ದು ಬಿ-ರಾಫ್ ಕೂಡ ಕೆಟ್ಟಿದ್ದರೆ ಕಾಯಿಲೆ ಸಾಮಾನ್ಯವಾಗಿ ವಂಶದಿಂದ ಬಂದದ್ದಲ್ಲ. ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಕಾಣೆಯಾಗಿದ್ದರೆ ವಂಶದಿಂದ ಬರುವ ಲಿಂಚ್ ಸಿಂಡ್ರೋಮಿನ ಅನುಮಾನ ಬರುತ್ತದೆ, ಆಗ ತಂದೆಯವರ ರಕ್ತಪರೀಕ್ಷೆ ಮಾಡಿಸಬೇಕು. ಅದು ಖಚಿತವಾದರೆ ನೀವೂ ನಿಮ್ಮ ಅಣ್ಣನೂ ರಕ್ತ ಕೊಡಬೇಕು, ದೋಷ ಸಿಕ್ಕವರು ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿಸಿಕೊಳ್ಳಬೇಕು.