ದಾಬೋಳಿಯಿಂದ ದಿಬ್ರುಗಢಕ್ಕೆ ದೂರವೆಷ್ಟು, ಹೊತ್ತೆಷ್ಟು?

ಮಗನಿಗೆ ಅಸ್ಸಾಮಿನ ದಿಬ್ರುಗಢದಲ್ಲಿ ಕೆಲಸ ಸಿಕ್ಕಿದೆ, ಡಿಸೆಂಬರ್‌ನಲ್ಲಿ ಗೋವಾದ ವಾಸ್ಕೋದಿಂದ ಹೋಗಿಬರಬೇಕು, ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದ್ದೀರಿ. ವಾಸ್ಕೋದಲ್ಲೇ ಟಿಕೆಟ್ ಮಾಡಿಸಿಕೊಡುವ ಕೆಲಸ ನನ್ನದು. ಗದಗ, ಬಾಗಲಕೋಟೆ ಕಡೆಯವರು ಇಲ್ಲಿ ಬೇಕಾದಷ್ಟು ಇರುವುದರಿಂದ ಅರ್ಧ ವ್ಯವಹಾರ ಕನ್ನಡದಲ್ಲೇ ನಡೆಯುತ್ತದೆ.

ವಾಸ್ಕೋ ಪಕ್ಕದ ದಾಬೋಳಿ ವಿಮಾನ ನಿಲ್ದಾಣದಿಂದ ದಿಬ್ರುಗಢದ ಮೋಹನ್‌ಬಾರಿ ನಿಲ್ದಾಣಕ್ಕೆ ನೇರವಾಗಿ ಅಳೆದರೆ ಸುಮಾರು 2,570 ಕಿಲೋಮೀಟರ್. ಗಂಟೆಗೆ 800 ಕಿ.ಮೀ. ವೇಗ ಹಿಡಿದು, ಏರಿಳಿಯಲು ಅರ್ಧ ಗಂಟೆ ಸೇರಿಸಿದರೆ ಮೂರೂಮುಕ್ಕಾಲು ಗಂಟೆ ಆಗುತ್ತದೆ. ದೂರ ಲೆಕ್ಕ ಹಾಕಿಕೊಡುವ ಜಾಲತಾಣಗಳು ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತವೆ. ಆದರೆ ಈ ದಾರಿಯಲ್ಲಿ ನಡುವೆ ಎಲ್ಲಾದರೂ ಇಳಿದು ಇನ್ನೊಂದು ವಿಮಾನ ಹತ್ತುವುದೇ ಸಾಮಾನ್ಯ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ, ಎಲ್ಲಿ ಇಳಿಯುವುದು ಎಂಬುದು.

ನನ್ನನ್ನು ಕೇಳಿದರೆ ಕೋಲ್ಕತ್ತ. ದಾಬೋಳಿಯಿಂದ ಅಲ್ಲಿಗೆ ಸುಮಾರು 1,735 ಕಿ.ಮೀ., ಅಲ್ಲಿಂದ ದಿಬ್ರುಗಢಕ್ಕೆ 850. ಕೂಡಿಸಿ ನೋಡಿ, ನೇರ ದಾರಿಗಿಂತ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್ ಜಾಸ್ತಿ! ಕೋಲ್ಕತ್ತ ಹೆಚ್ಚುಕಡಿಮೆ ಆ ಗೆರೆಯ ಮೇಲೆಯೇ ಕೂತಿದೆ. ಬೆಂಗಳೂರಿನ ಮೇಲೆ ಹೋದರೆ ಮುನ್ನೂರು ಕಿಲೋಮೀಟರ್ ಸುತ್ತು, ದೆಹಲಿಯ ಮೇಲೆ ಹೋದರೆ ಏಳುನೂರು. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿಗೆ ಸಿಕ್ಕಿದ ವಿಮಾನ ಯಾವಾಗ ಹೊರಡುತ್ತದೆ ಎಂದು ಹೇಳಲು ಜ್ಯೋತಿಷಿಯೇ ಬೇಕು. ಟಿಕೆಟ್ ಸಾವಿರ ರೂಪಾಯಿ ಅಗ್ಗವೆಂದರೂ ಆ ತಿಂಗಳುಗಳಲ್ಲಿ ನಾನು ಆ ದಾರಿ ಸೂಚಿಸುವುದಿಲ್ಲ.

ಕೋಲ್ಕತ್ತಕ್ಕೆ ಎರಡೂಮುಕ್ಕಾಲು ಗಂಟೆ, ಮುಂದಕ್ಕೆ ಒಂದೂವರೆ ಗಂಟೆ, ನಡುವೆ ಕಾಯಲು ಎರಡು ಗಂಟೆಯಾದರೂ ಇರಲಿ. ಎಲ್ಲ ಸೇರಿ ಆರೂಕಾಲು ಗಂಟೆಯ ಆಸುಪಾಸು. ಬರುವಾಗ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಬಲವಾದ ಗಾಳಿ ಬೀಸುವುದರಿಂದ ಹೋಗುವಾಗ ಅದು ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನದಕ್ಕೆ ಹತ್ತಿಸುವ ಹೊಣೆ ಆಗ ಕಂಪನಿಯದು.

ತಲುಪುವ ವೇಳೆಯನ್ನೂ ಗಮನಿಸಿ. ಗಡಿಯಾರ ಎರಡೂ ಕಡೆ ಒಂದೇ ಆದರೂ ದಿಬ್ರುಗಢ ನಮಗಿಂತ 21 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಅಲ್ಲಿ ಸುಮಾರು 85 ನಿಮಿಷ ಮುಂದೆ. ಅಲ್ಲಿನ ಚಹಾ ತೋಟಗಳು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡೇ ಕೆಲಸ ನಡೆಸುತ್ತವೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತದೆ. ಹೊಸ ಊರು, ನಿಲ್ದಾಣದಿಂದ ಪೇಟೆಗೆ ಬೇರೆ ಹೋಗಬೇಕು. ಮಧ್ಯಾಹ್ನ ಎರಡರೊಳಗೆ ಇಳಿಯುವ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ.

ಇನ್ನು ನಮ್ಮ ಗೋವಾದ ತೊಡಕು. ದಾಬೋಳಿಯ ಸಂಕೇತ ಜಿಓಐ. 2023ರ ಜನವರಿಯಿಂದ ವಿಮಾನಗಳು ಹಾರತೊಡಗಿದ ಗೋವಾದ ಇನ್ನೊಂದು ನಿಲ್ದಾಣ ಮೋಪಾದ್ದು ಜಿಓಎಕ್ಸ್. ಟಿಕೆಟ್ ಹುಡುಕುವಾಗ ಬರಿಯ ಗೋವಾ ಎಂದು ಒತ್ತಿದರೆ ಎರಡೂ ಬೆರೆತು ಬರುತ್ತವೆ. ಸ್ಕೂಟರನ್ನು ದಾಬೋಳಿಯಲ್ಲಿ ನಿಲ್ಲಿಸಿ ಹೋಗಿ, ವಾಪಸು ಬರುವಾಗ ಉತ್ತರದ ತುದಿಯ ಪೆರ್ನೆಂ ತಾಲೂಕಿನ ಮೋಪಾದಲ್ಲಿ ಇಳಿದವರು ಟ್ಯಾಕ್ಸಿಗೆ ಕೊಟ್ಟ ಹಣದ ಕಥೆಯನ್ನು ನನ್ನ ಅಂಗಡಿಗೆ ಬಂದೇ ಹೇಳುತ್ತಾರೆ. ಮರಳುವ ಟಿಕೆಟ್‌ನಲ್ಲೂ ಜಿಓಐ ಎಂದೇ ಇದೆಯೇ ಎಂದು ನೋಡಿಕೊಂಡು ಹಣ ಕಟ್ಟಿ.