ಬೇಟೆಯ ಕಾಂಪೌಂಡ್ ಬಿಲ್ಲಿಗೆ (ತುದಿಗಳಲ್ಲಿ ಚಕ್ರಗಳಿರುವ ಬಿಲ್ಲು) ಯಾವ ಆರೋ ರೆಸ್ಟ್ (ಬಿಡುವ ತನಕ ಬಾಣ ಕೂರುವ ಆಸರೆ) ಒಳ್ಳೆಯದು?

ನೀವು ಎಷ್ಟು ದೂರಕ್ಕೆ ಹೊಡೆಯುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. 20–30 ಗಜದೊಳಗೇ ಆದರೆ ವಿಸ್ಕರ್ ಬಿಸ್ಕೆಟ್ ಸಾಕು. ಅದು ಗಟ್ಟಿ ಬ್ರಷ್ ಎಳೆಗಳ ಬಳೆ, ನಡುವಿನ ತೂತಿನಲ್ಲಿ ಬಾಣ ಕೂರುತ್ತದೆ. ಅಲುಗಾಡುವ ಭಾಗವೇ ಇಲ್ಲ. ಮರದ ಮೇಲೆ ಮೈ ತಿರುಚಿ ಕೂತು ಹೆದೆ ಎಳೆದರೂ ಬಾಣ ಜಾರಲ್ಲ. ಆದರೆ ಗರಿಗಳು ಎಳೆಗಳನ್ನು ಉಜ್ಜಿಕೊಂಡೇ ಹೋಗಬೇಕು. ವೇಗ ಸ್ವಲ್ಪ ಇಳಿಯುತ್ತದೆ, ಹಕ್ಕಿ ಗರಿ ಬೇಗ ಹಾಳಾಗುತ್ತದೆ. ಪ್ಲಾಸ್ಟಿಕ್ ಗರಿ ಹಾಕಿಸಿ.

ದೂರದ ಹೊಡೆತಕ್ಕೆ ಡ್ರಾಪ್-ಅವೇ ಮೇಲು. ಬಾಣ ಹೊರಟ ಕೂಡಲೇ ರೆಸ್ಟ್ ಕೆಳಗೆ ಬೀಳುವುದರಿಂದ ಗರಿಗೆ ಏನೂ ತಾಗಲ್ಲ. ಇದರಲ್ಲಿ ರೆಸ್ಟನ್ನು ನಡೆಸುವ ದಾರ ಬಿಲ್ಲಿನಲ್ಲಿ ಎಲ್ಲಿಗೆ ಕಟ್ಟಿದೆ ಅನ್ನೋದನ್ನು ನೋಡಿ. ಕೇಬಲ್‌ಗೆ (ಹೆದೆಯಲ್ಲದೆ ಚಕ್ರಗಳಿಗೆ ಕಟ್ಟಿರುವ ಇನ್ನೊಂದು ಹುರಿ) ಕಟ್ಟಿದ್ದರೆ, ಹೆದೆ ಎಳೆದಾಗ ದಾರವೇ ರೆಸ್ಟನ್ನು ಮೇಲೆತ್ತುತ್ತದೆ. ಅದು ತುಂಡಾದರೆ ರೆಸ್ಟ್ ಏಳುವುದೇ ಇಲ್ಲ, ಅಲ್ಲಿಗೆ ಬೇಟೆ ಮುಗೀತು. ಲಿಂಬ್‌ಗೆ (ಬಿಲ್ಲಿನ ಬಾಗುವ ತೋಳು) ಕಟ್ಟಿದ್ದರಲ್ಲಿ ಸ್ಪ್ರಿಂಗ್ ಎತ್ತುತ್ತದೆ, ಹೆದೆ ಎಳೆಯುವ ತನಕ ದಾರ ಕೆಳಗೆ ಹಿಡಿದಿರುತ್ತದೆ. ದಾರ ಹೋದರೂ ರೆಸ್ಟ್ ಮೇಲೇ ನಿಲ್ಲುತ್ತದೆ, ಒಂದು ಬಾಣ ಬಿಡಬಹುದು. ಕಾಡಿಗೆ ನಾನಂತೂ ಇದನ್ನೇ ಆರಿಸುತ್ತೇನೆ. ಸುತ್ತ ಬಳೆ ಇರುವ ಮಾದರಿಯನ್ನೇ ತಗೊಳ್ಳಿ, ಇಲ್ಲದಿದ್ದರೆ ಕಾಯುತ್ತಾ ಕೂತಾಗ ಬಾಣ ಉರುಳಿ ಟಣ್ ಅನ್ನುತ್ತದೆ. ಜಿಂಕೆಗೆ ಅಷ್ಟು ಸದ್ದು ಜಾಸ್ತಿನೇ!

ಕೂರಿಸಿದ ಮೇಲೆ ಗರಿಗಳಿಗೆ ಪೌಡರ್ ಹಚ್ಚಿ ಒಂದು ಬಾಣ ಬಿಡಿ. ರೆಸ್ಟಿನ ಮೇಲೆ ಬಿಳಿ ಗೆರೆ ಕಂಡರೆ ಗರಿ ತಾಗುತ್ತಿದೆ ಅಂತಲೇ ಲೆಕ್ಕ. ಹಾಗಾದರೆ ದಾರದ ಉದ್ದ ಸರಿಮಾಡಿ, ಇಲ್ಲವೇ ಬಾಣದ ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ) ಸ್ವಲ್ಪ ತಿರುಗಿಸಿ ನೋಡಿ.